ಸೃಷ್ಟಿ, ಕಾಲ ಮತ್ತು ವಿಜ್ಞಾನ: ಇಸ್ಲಾಮೀ ಚಿಂತನೆಯಲ್ಲಿ ಅನಾದಿತ್ವದ ವಾಗ್ವಾದ

ಇಸ್ಲಾಮೀ ನಾಗರಿಕತೆಯ ಬೌದ್ಧಿಕ ಇತಿಹಾಸವನ್ನು ಕುರಿತ ಬರಹಗಳಲ್ಲಿ ಒಂದು ಅಭಿಪ್ರಾಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಲ್‌ಘಜಾಲಿ (1058-1111) ತತ್ತ್ವಜ್ಞಾನಿಗಳನ್ನು ಖಂಡಿಸಿದ ಬಳಿಕ ಅಲ್ಲಿ ವಿಜ್ಞಾನದ ಬೆಳವಣಿಗೆ ನಿಂತುಹೋಯಿತೆಂಬುದೇ ಆ ಅಭಿಪ್ರಾಯ. ಆ ಖಂಡನೆಯ ಮೊದಲ ಪ್ರಶ್ನೆ ಜಗತ್ತಿಗೆ ಆದಿಯುಂಟೆ ಎಂಬುದು. ಈ ವಾಗ್ವಾದದ ಸ್ವರೂಪವನ್ನು ಪರಿಶೀಲಿಸಿ, ಮೇಲಿನ ಅಭಿಪ್ರಾಯ ಎಷ್ಟರಮಟ್ಟಿಗೆ ಸಮರ್ಥನೀಯವೆಂದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಆಕಾಶ ಮತ್ತು ಭೂಮಿಗಳು ಆರು ದಿನಗಳಲ್ಲಿ ಸೃಷ್ಟಿಯಾದವೆಂದು ಕುರ್‌ಆನ್ (7:54) ಹೇಳುತ್ತದೆ. ದೇವರ ಒಂದು ದಿನವು ಮನುಷ್ಯರ ಸಾವಿರ ವರ್ಷಗಳಿಗೆ ಸಮಾನವೆಂದು ಒಂದೆಡೆ (22:47), ಐವತ್ತು ಸಾವಿರ ವರ್ಷಗಳ ದಿನವೆಂದು ಇನ್ನೊಂದೆಡೆ (70:4) ಉಲ್ಲೇಖವಿದೆ. ಆದ್ದರಿಂದ ‘ದಿನ’ ಎಂಬುದರ ಅರ್ಥವೇ ವ್ಯಾಖ್ಯಾನಕ್ಕೆ ಒಳಪಟ್ಟಿತು. ಇದೇ ಹೊತ್ತಿಗೆ, ಚಲನೆಗೂ ಕಾಲಕ್ಕೂ ಆದಿಯಿಲ್ಲವೆಂಬ ಅರಿಸ್ಟಾಟಲನ ವಿಚಾರ ಅರಬ್ಬೀ ಅನುವಾದಗಳ ಮೂಲಕ ಬಾಗ್ದಾದಿನ ವಿದ್ವಾಂಸರನ್ನು ತಲುಪಿತ್ತು.

ಒಂಬತ್ತನೆಯ ಶತಮಾನದ ಅಲ್‌ಕಿಂದಿ ಜಗತ್ತಿಗೆ ಆದಿಯಿದೆಯೆಂದು ವಾದಿಸಿದನು. ಇಬ್ನ್ ಸೀನಾ (980-1037) ಬೇರೆ ದಾರಿ ಹಿಡಿದನು. ಅವನ ದೃಷ್ಟಿಯಲ್ಲಿ ಜಗತ್ತು ತನ್ನ ಅಸ್ತಿತ್ವಕ್ಕೆ ಸದಾ ದೇವರನ್ನು ಅವಲಂಬಿಸಿದೆ. ಆದರೆ ಈ ಅವಲಂಬನೆ ಕಾಲಕ್ರಮದ್ದಲ್ಲ. ಕೈ ತಿರುಗಿದಾಗ ಕೈಯಲ್ಲಿನ ಬೀಗದ ಕೈಯೂ ಒಡನೆಯೇ ತಿರುಗುವಂತೆ, ಕಾರಣ ಮತ್ತು ಕಾರ್ಯ ಏಕಕಾಲದಲ್ಲಿರಬಹುದು. ಅವನ ಸಮಕಾಲೀನ ಅಲ್‌ಬೆರೂನಿ (973-1048) ತರ್ಕಕ್ಕಿಂತ ವೀಕ್ಷಣೆಯನ್ನು ನೆಚ್ಚಿದನು. ಸುಮಾರು 1030ರಲ್ಲಿ ರಚಿಸಿದ ಭಾರತ ಕುರಿತ ಗ್ರಂಥದಲ್ಲಿ ಅವನು 432 ಕೋಟಿ ವರ್ಷಗಳ ಕಲ್ಪದ ಲೆಕ್ಕವನ್ನು ವಿವರಿಸಿದ್ದಾನೆ. ಪರ್ವತಗಳ ಬಳಿ ದೊಡ್ಡದಾಗಿಯೂ ದೂರ ಸಾಗಿದಂತೆ ಚಿಕ್ಕದಾಗಿಯೂ ಇರುವ ನದಿಗಲ್ಲುಗಳನ್ನು ಗಮನಿಸಿ, ಉತ್ತರ ಭಾರತದ ಬಯಲು ಹಿಂದೆ ಸಮುದ್ರವಾಗಿದ್ದು ಮೆಕ್ಕಲುಮಣ್ಣಿನಿಂದ ತುಂಬಿತೆಂದು ಊಹಿಸಿದ್ದಾನೆ.

ಘಜಾಲಿಯ ‘ತಹಾಫುತ್ ಅಲ್‌ಫಲಾಸಿಫಾ’ 1095ರಲ್ಲಿ ಸಿದ್ಧವಾಯಿತು. ಅವನ ಒಂದು ವಾದ ಖಗೋಳಶಾಸ್ತ್ರವನ್ನೇ ಆಧರಿಸಿದೆ. ಶನಿಯ ಪರಿಭ್ರಮಣಕ್ಕೆ ಮೂವತ್ತು ವರ್ಷ, ಸೂರ್ಯನದಕ್ಕೆ ಒಂದು ವರ್ಷ. ಗತಕಾಲ ಅನಂತವಾದರೆ ಎರಡರ ಸುತ್ತುಗಳೂ ಅನಂತವಾಗಬೇಕು. ಆದರೂ ಒಂದು ಇನ್ನೊಂದರ ಮೂವತ್ತನೆಯ ಒಂದು ಪಾಲಾಗಿರಬೇಕು. ಇದು ಅಸಂಗತವೆಂದು ಅವನ ನಿಲುವು. ಸೃಷ್ಟಿಗೆ ಮುಂಚೆ ಏನಿತ್ತು ಎಂಬ ಪ್ರಶ್ನೆಗೆ, ಕಾಲವೂ ಸೃಷ್ಟಿಯೇ, ಅದಕ್ಕೆ ‘ಮುಂಚೆ’ ಎಂಬುದು ಕಲ್ಪನೆಯ ಭ್ರಮೆ ಎಂದು ಉತ್ತರಿಸಿದನು.

ಕಾರ್ಡೋವಾದ ಇಬ್ನ್ ರುಶ್ದ್ (1126-1198) ಇದನ್ನು ಒಪ್ಪಲಿಲ್ಲ. ಗತಿಸಿದ ಸುತ್ತುಗಳು ಒಟ್ಟಾಗಿ ಎಂದೂ ಇರುವುದಿಲ್ಲವಾದ್ದರಿಂದ ಅವುಗಳನ್ನು ಹೋಲಿಸಲಾಗದೆಂದನು. ಸಿಂಹಾಸನವು ನೀರಿನ ಮೇಲಿತ್ತೆಂಬ (11:7), ಆಕಾಶವು ಹೊಗೆಯಾಗಿತ್ತೆಂಬ (41:11) ಉಲ್ಲೇಖಗಳನ್ನು ತೋರಿಸಿ, ಶೂನ್ಯದಿಂದ ಸೃಷ್ಟಿಯೆಂಬುದು ಸ್ವತಃ ವ್ಯಾಖ್ಯಾನವೇ ಹೊರತು ಮೂಲಪಾಠವಲ್ಲವೆಂದನು. ಉಭಯತರೂ ಜಗತ್ತು ದೈವಾಧೀನವೆಂಬುದನ್ನು ಒಪ್ಪಿದ್ದರೆಂಬುದು ಇಲ್ಲಿ ಗಮನಾರ್ಹ.

ವಿಜ್ಞಾನದ ಬಗ್ಗೆ ಘಜಾಲಿಯ ನಿಲುವನ್ನು ಅವನ ಪೀಠಿಕೆಯಿಂದಲೇ ತಿಳಿಯಬಹುದು. ಗ್ರಹಣದ ಗಣಿತವನ್ನು ಧರ್ಮದ ಹೆಸರಿನಲ್ಲಿ ನಿರಾಕರಿಸುವವನು ಧರ್ಮಕ್ಕೇ ಹಾನಿ ಮಾಡುತ್ತಾನೆ. ಜಗತ್ತಿನ ಆಕಾರ ಯಾವುದೇ ಇರಲಿ, ಅದು ದೇವರ ಕೃತಿಯೆಂಬುದಷ್ಟೇ ಧರ್ಮದ ವಿಷಯ ಎಂಬುದು ಅಲ್ಲಿನ ಅಭಿಪ್ರಾಯ. ಆದರೆ ಬೆಂಕಿಗೂ ಹತ್ತಿ ಉರಿಯುವುದಕ್ಕೂ ಇರುವ ಸಂಬಂಧ ಅನಿವಾರ್ಯವಲ್ಲ, ದೈವನಿಯಮಿತ ವಾಡಿಕೆ ಎಂದು ಅವನು ಹೇಳಿದ್ದೂ ನಿಜ. ವಿಜ್ಞಾನಕ್ಕೆ ಅಡ್ಡಿಯಾಯಿತೆಂಬ ಆಕ್ಷೇಪಣೆಗೆ ಗುರಿಯಾದುದು ಮುಖ್ಯವಾಗಿ ಈ ಮಾತು.

ಕಾಲಾನುಕ್ರಮಣಿಕೆ ಮಾತ್ರ ಆ ಆಕ್ಷೇಪಣೆಯನ್ನು ಪುಷ್ಟೀಕರಿಸುವುದಿಲ್ಲ. ನಾಸಿರುದ್ದೀನ್ ತೂಸಿಯ ನೇತೃತ್ವದಲ್ಲಿ ಮರಾಘಾ ವೀಕ್ಷಣಾಲಯ ಆರಂಭವಾದುದು 1259ರಲ್ಲಿ. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ವೇಳೆ ನಿರ್ಣಯಿಸುತ್ತಿದ್ದ ಇಬ್ನ್ ಅಲ್‌ಶಾತಿರ್ ರೂಪಿಸಿದ ಚಂದ್ರಗತಿಯ ಮಾದರಿ ಮುಂದೆ ಕೋಪರ್ನಿಕಸನಲ್ಲಿ ಕಾಣುವ ಮಾದರಿಗೆ ಗಣಿತದೃಷ್ಟಿಯಿಂದ ಸಮಾನವಾದುದು. ಸಮರಕಂದದಲ್ಲಿ ಉಲುಗ್ ಬೇಗನ ನಕ್ಷತ್ರಪಟ್ಟಿ 1437ರಲ್ಲಿ ರೂಪುಗೊಂಡಿತು. ಮುಂದಿನ ಹಿನ್ನಡೆಯ ಕಾರಣಗಳನ್ನು ಒಂದು ಗ್ರಂಥದಲ್ಲಿ ಹುಡುಕುವುದಕ್ಕಿಂತ ರಾಜಾಶ್ರಯ ಮತ್ತು ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಹುಡುಕುವುದು ಯುಕ್ತ.

ಇಪ್ಪತ್ತನೆಯ ಶತಮಾನದಲ್ಲಿ ಮಹಾಸ್ಫೋಟ ಸಿದ್ಧಾಂತ ಪ್ರಚಲಿತವಾದ ಮೇಲೆ ಅದನ್ನು ಧರ್ಮಗ್ರಂಥದ ವಾಕ್ಯಗಳೊಂದಿಗೆ ಹೊಂದಿಸುವ ಪ್ರಯತ್ನಗಳು ಹೆಚ್ಚಿವೆ. ವೈಜ್ಞಾನಿಕ ಸಿದ್ಧಾಂತ ಪರಿಷ್ಕರಣೆಗೆ ಸದಾ ತೆರೆದಿರುತ್ತದೆ. ಅದಕ್ಕೆ ಕಟ್ಟಿದ ವ್ಯಾಖ್ಯಾನವೂ ಅದರೊಡನೆ ಅಲುಗುತ್ತದೆ. ಪ್ರಾಚೀನ ವಾದಿಗಳು ಪರಸ್ಪರ ಭಿನ್ನಾಭಿಪ್ರಾಯವಿದ್ದಾಗಲೂ ಗಣಿತದ ನಿರ್ಣಯವನ್ನು ಗಣಿತಕ್ಕೇ ಬಿಟ್ಟಿದ್ದರು. ಈ ವಿವೇಕವೇ ಆ ವಾಗ್ವಾದದ ಉಳಿದುಬಂದ ಕೊಡುಗೆ ಎನ್ನಬಹುದು.