ಯಕ್ಷಗಾನದ ಹಿಮ್ಮೇಳದಲ್ಲಿ ಟ್ಯಾಬ್ಲೆಟ್ ಗಣಕಯಂತ್ರದ ಉಪಯೋಗ

೧

ಕುಮಾರಧಾರಾ ಪಯಸ್ವಿನೀ ನದಿಗಳು ಹರಿಯುವ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪ್ರಾಂತವು ತೆಂಕುತಿಟ್ಟಿನ ಯಕ್ಷಗಾನಕ್ಕೆ ನೆಲೆವೀಡಾಗಿರುವುದು ಸರ್ವವಿದಿತವಾದ ಸಂಗತಿ. ಮಳೆ ನಿಂತ ಬಳಿಕ ಬಯಲಾಟ, ಮಳೆಗಾಲದಲ್ಲಿ ಮನೆಯ ಚಾವಡಿಯ ತಾಳಮದ್ದಲೆ, ಹೀಗೆ ವರ್ಷದ ಬಹುಭಾಗ ಇಲ್ಲಿಯ ಭಾಗವತರ ಕಂಠಕ್ಕೆ ವಿಶ್ರಾಂತಿಯಿಲ್ಲ. ಈಚಿನ ವರ್ಷಗಳಲ್ಲಿ ಕೆಲವು ಭಾಗವತರ ಮುಂದೆ ಅಚ್ಚಿನ ಪ್ರಸಂಗಪುಸ್ತಕದ ಸ್ಥಾನದಲ್ಲಿ ಹಲಗೆಯಾಕಾರದ, ತಾನೇ ಬೆಳಗುವ ಒಂದು ಯಂತ್ರವು ಕಾಣಬರುತ್ತಿದೆ. ಟ್ಯಾಬ್ಲೆಟ್ ಎಂದು ಪ್ರಸಿದ್ಧವಾದ ಈ ಗಣಕಯಂತ್ರವು ಗಾಯಕನಿಗೆ ಎಲ್ಲಿ ಉಪಕಾರಿ, ಎಲ್ಲಿ ಅಲ್ಲ, ಅದರಿಂದ ಪ್ರಸಂಗಸಾಹಿತ್ಯದ ಪಾಠಕ್ಕೆ ಒದಗಬಹುದಾದ ಲಾಭಹಾನಿಗಳಾವುವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

೨

ಯಂತ್ರವನ್ನು ಅಳೆಯುವ ಮೊದಲು ಅದು ಹೊರುವ ವಸ್ತುವನ್ನು ಅರಿಯಬೇಕು. ಪಾಶ್ಚಾತ್ಯ ವಾದ್ಯವೃಂದದವರ ಮುಂದಿರುವ ಹಾಳೆಯಲ್ಲಿ ಸ್ವರ, ಅದರ ಕಾಲಪ್ರಮಾಣ, ಏರಿಳಿತ ಎಲ್ಲವೂ ಲಿಖಿತವಾಗಿರುತ್ತವೆ. ಹಾಳೆಯನ್ನು ತೆಗೆದರೆ ವಾದನವೇ ನಿಲ್ಲುವುದು. ಆದುದರಿಂದ ೨೦೧೦ರಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದ ಬಳಿಕ ಆ ಸಂಗೀತಗಾರರಲ್ಲಿ ಇಂತಹ ಯಂತ್ರಗಳು ಬೇಗನೆ ಹರಡಿದುವು. ೨೦೧೨ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಕಾಗದದ ಹಾಳೆಗಳನ್ನು ಬಿಟ್ಟು ಟ್ಯಾಬ್ಲೆಟ್‌ಗಳನ್ನು ನೋಡಿ ನುಡಿಸುವ ಪ್ರಯೋಗವನ್ನು ಕೈಕೊಂಡಿತು.

ಯಕ್ಷಗಾನದ ಪ್ರಸಂಗವು ಇದಕ್ಕಿಂತ ಭಿನ್ನವಾದುದು. ಅದರಲ್ಲಿರುವುದು ಪದ್ಯದ ಸಾಹಿತ್ಯ. ತಲೆಬರಹದಲ್ಲಿ ಭೈರವಿ, ಸಾವೇರಿ, ಕೇದಾರಗೌಳ ಎಂದು ಮುಂತಾಗಿ ಒಂದು ರಾಗದ ಹೆಸರು. ಝಂಪೆ, ತ್ರಿಪುಡೆ, ಅಷ್ಟ, ಏಕ ಎಂದು ಒಂದು ತಾಳದ ಹೆಸರು. ಭಾಮಿನಿ, ವಾರ್ಧಕ, ಕಂದಗಳಾದರೆ ಛಂದಸ್ಸಿನ ಹೆಸರು. ಇಷ್ಟೇ. ಎತ್ತುಗಡೆ ಹೇಗೆ, ಕಾಲವನ್ನು ಎಲ್ಲಿ ಏರಿಸಬೇಕು, ವೇಷಧಾರಿಯ ಕುಣಿತಕ್ಕೆ ಯಾವ ಚರಣವನ್ನು ಎಷ್ಟು ಸಲ ಮರಳಿ ಹೇಳಬೇಕು ಎಂಬುದೊಂದನ್ನೂ ಪುಸ್ತಕ ತಿಳಿಸದು. ಅದೆಲ್ಲ ಗುರುಮುಖದಿಂದ ಬಂದು ಭಾಗವತನಲ್ಲಿ ನೆಲೆಸಿರತಕ್ಕದ್ದು. ಆದುದರಿಂದ ಟ್ಯಾಬ್ಲೆಟ್ಟು ಪಾಶ್ಚಾತ್ಯ ವಾದಕನ ಸಂಗೀತವನ್ನು ಹೊರುವಂತೆ ಭಾಗವತನ ಗಾನವನ್ನು ಹೊರಲಾರದು. ಅದು ಹೊರುವುದು ಪದ್ಯವನ್ನು ಮಾತ್ರ. ಹಿಂದೆ ತಾಳೆಯೋಲೆಯೂ ಕೈಬರಹದ ಕಡತವೂ ಮಾಡಿದ ಕೆಲಸ, ತರುವಾಯ ಉಡುಪಿಯ ಪಾವಂಜೆ ಗುರುರಾವ್ ಆಂಡ್ ಸನ್ಸ್ ಮುಂತಾದವರ ಅಚ್ಚಿನ ಪುಸ್ತಕಗಳು ಮಾಡಿದ ಕೆಲಸ ಇದೇ ಆಗಿದ್ದಿತು.

೩

ಈ ಮಿತಿಯೊಳಗೆ ಯಂತ್ರದ ಉಪಕಾರಗಳು ಸಣ್ಣವಲ್ಲ. ಮೊದಲನೆಯದು ಬೆಳಕು. ದೊಂದಿಯ ಕಾಲದಲ್ಲಾಗಲಿ ಗ್ಯಾಸುದೀಪದ ಕಾಲದಲ್ಲಾಗಲಿ ರಂಗದ ಬೆಳಕು ವೇಷಕ್ಕೆ ಮೀಸಲು. ವಿದ್ಯುದ್ದೀಪ ಬಂದ ಮೇಲೂ ಬಣ್ಣದ ಬೆಳಕು ಮಿನುಗುವಾಗ ಹಿಂದೆ ಕುಳಿತವನಿಗೆ ಸಣ್ಣ ಅಚ್ಚನ್ನು ಓದುವುದು ಸುಲಭವಲ್ಲ. ಟ್ಯಾಬ್ಲೆಟ್ಟಿನ ಅಕ್ಷರವು ತಾನೇ ಬೆಳಗುವುದಲ್ಲದೆ ಬೇಕಾದಷ್ಟು ದೊಡ್ಡದಾಗುವುದು. ಕಣ್ಣು ಮಂದವಾದ ಹಿರಿಯರಿಗೆ ಇದು ಮಹದುಪಕಾರ.

ಎರಡನೆಯದು ಪದ್ಯವನ್ನು ಹುಡುಕುವ ಸೌಕರ್ಯ. ರಾತ್ರಿಯಿಡೀ ಆಡುವುದಕ್ಕೆಂದು ರಚಿತವಾದ ಪ್ರಸಂಗವನ್ನು ಇಂದು ಎಷ್ಟೋ ಕಡೆ ಎರಡು ಮೂರು ಗಂಟೆಗಳ ಕಾಲಮಿತಿಗೆ ಇಳಿಸಬೇಕಾಗಿದೆ. ಸಮಯ ಮೀರಿತೆಂದು ಸೂಚನೆ ಬಂದೊಡನೆ ಭಾಗವತನು ಇಪ್ಪತ್ತು ಪದ್ಯಗಳನ್ನು ದಾಟಿ ಮುಂದಿನ ಸಂದರ್ಭವನ್ನು ಹಿಡಿಯಬೇಕು. ಪದ್ಯದ ಮೊದಲ ಮಾತನ್ನು ಒತ್ತಿದರೆ ಯಂತ್ರವು ಅದನ್ನು ಕ್ಷಣದಲ್ಲಿ ತೋರಿಸುವುದು. ಕನ್ನಡ ಲಿಪಿಯು ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಸಂಕೇತಪದ್ಧತಿಯಲ್ಲಿ ಸೇರಿರುವುದು ಈ ಸೌಕರ್ಯಕ್ಕೆ ಮೂಲ. ಆದರೆ ಹುಡುಕಾಟವು ಕಾಗುಣಿತಕ್ಕೆ ಅಧೀನ. ಒಂದು ಪ್ರತಿಯಲ್ಲಿ 'ಎಂದ' ಎಂದೂ ಇನ್ನೊಂದರಲ್ಲಿ 'ಯೆಂದ' ಎಂದೂ, ಒಂದರಲ್ಲಿ 'ಸಂತೋಷ' ಎಂದೂ ಇನ್ನೊಂದರಲ್ಲಿ 'ಸನ್ತೋಷ' ಎಂದೂ ಇದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ಮಾತುಗಳು. ಕಿವಿಗೆ ಒಂದೇ ಆಗಿ ಕೇಳುವುದು ಯಂತ್ರಕ್ಕೆ ಒಂದಾಗಿ ಕಾಣದು.

ಮೂರನೆಯದು ಶ್ರುತಿ. ಹಿಂದೆ ಹಿಮ್ಮೇಳಕ್ಕೆ ಸೋರೆಬುರುಡೆಯ ಪುಂಗಿಯು ಶ್ರುತಿ ಹಿಡಿಯುತ್ತಿದ್ದಿತು. ಅನಂತರ ಹಾರ್ಮೋನಿಯಂ ಬಂದಿತು. ೧೯೭೯ರ ಸುಮಾರಿಗೆ ಬೆಂಗಳೂರಿನ ಜಿ. ರಾಜ್‌ನಾರಾಯಣರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಬಳಿಕ ಸಣ್ಣ ಶ್ರುತಿಪೆಟ್ಟಿಗೆಯು ಸಂಗೀತಗಾರರ ಕೈಗೆ ದೊರಕಿತು. ಈಗ ಆ ಪೆಟ್ಟಿಗೆಯ ಕೆಲಸವನ್ನು ಟ್ಯಾಬ್ಲೆಟ್ಟಿನೊಳಗಿನ ಒಂದು ತಂತ್ರಾಂಶವೇ ಮಾಡಬಲ್ಲದು. ಮನೆಯ ಅಭ್ಯಾಸಕ್ಕೂ, ಮದ್ದಳೆಯ ಶ್ರುತಿಯನ್ನು ಪರೀಕ್ಷಿಸುವುದಕ್ಕೂ ಇದು ಸಾಕು. ರಂಗದಲ್ಲಿ ಚೆಂಡೆಯ ಮುಂದೆ ಅದರ ಸಣ್ಣ ಧ್ವನಿಯು ಧ್ವನಿವರ್ಧಕದ ನೆರವಿಲ್ಲದೆ ಕೇಳಿಸದು.

ತೊಡಕುಗಳೂ ಇವೆ. ತೆಂಕುತಿಟ್ಟಿನ ಭಾಗವತನ ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಅದನ್ನು ಬಡಿಯುವ ಕೋಲು. ಪುಟ ತಿರುವುವುದಕ್ಕೆ ಮೂರನೆಯ ಕೈಯಿಲ್ಲ. ಪಾಶ್ಚಾತ್ಯ ವಾದಕರು ಇದಕ್ಕಾಗಿ ಕಾಲಿನಿಂದ ಒತ್ತುವ ಮೆಟ್ಟುಗುಂಡಿಯನ್ನು ಬಳಸುತ್ತಾರೆ. ಆಸನದ ಮೇಲೆ ಕುಳಿತು ಹಾಡುವಲ್ಲಿ ಅದು ಸಲ್ಲಬಹುದು. ಚಾವಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ ತಾಳಮದ್ದಲೆಯ ಭಾಗವತನಿಗೆ ಅದು ನಿಷ್ಪ್ರಯೋಜಕ. ಬೆವರಿದ ಬೆರಳಿಗೆ ಗಾಜು ಸರಿಯಾಗಿ ಓಗೊಡುವುದಿಲ್ಲ. ಒಂದು ಸಲ ತುಂಬಿದ ವಿದ್ಯುತ್ತು ಸುಮಾರು ೧೦ ಗಂಟೆ ಬಾಳುವುದೆಂದು ತಯಾರಕರು ಹೇಳುವರಾದರೂ, ಪರದೆಯ ಬೆಳಕನ್ನು ಹೆಚ್ಚಿಸಿದಷ್ಟೂ ಆ ಅವಧಿ ಕುಗ್ಗುವುದು. ಬೆಳಗಿನ ಮಂಗಳದವರೆಗೆ ನಡೆಯುವ ಆಟದಲ್ಲಿ ಇದನ್ನು ಮರೆಯುವಂತಿಲ್ಲ. ಕರೆ ಬಂದು ಪದ್ಯ ಮರೆಯಾಗದಂತೆ ಯಂತ್ರದ ಸಂಪರ್ಕವನ್ನು ಮೊದಲೇ ಕಡಿದಿಡಬೇಕು.

೪

ಇವೆಲ್ಲ ಬಳಕೆಯಿಂದ ನೀಗತಕ್ಕ ತೊಡಕುಗಳು. ಹೆಚ್ಚು ಗಂಭೀರವಾದುದು ಬೇರೊಂದಿದೆ; ಅದು ಸಾಹಿತ್ಯಾಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದುದು.

ಅಚ್ಚಿನ ಪುಸ್ತಕದಲ್ಲಿ ಭಾಗವತನು ಬೇಡದ ಪದ್ಯವನ್ನು ಪೆನ್ಸಿಲಿನಿಂದ ಗೀಟೆಳೆದು ಬಿಡುತ್ತಾನೆ. ಬಿಟ್ಟ ಪದ್ಯವು ಗೀಟಿನ ಕೆಳಗೆ ಉಳಿದೇ ಇರುತ್ತದೆ. ಟ್ಯಾಬ್ಲೆಟ್ಟಿಗೆಂದು ಸಿದ್ಧಪಡಿಸುವ ಪ್ರತಿಯಲ್ಲಾದರೋ ಆಟಕ್ಕೆ ಬೇಕಾದ ಪದ್ಯಗಳನ್ನಷ್ಟೇ ಟಂಕಿಸುವುದು ಸುಲಭ; ಬಿಟ್ಟುದರ ಗುರುತೂ ಉಳಿಯದು. ಅಂತಹ ರಂಗಪ್ರತಿಯು ಒಬ್ಬರಿಂದ ಒಬ್ಬರಿಗೆ ಕ್ಷಣಮಾತ್ರದಲ್ಲಿ ಸಾಗಿ, ಸಂಪೂರ್ಣ ಪಾಠವನ್ನು ಕಾಣದವರಿಗೆ ಅದೇ ಪ್ರಸಂಗವೆನಿಸುವುದು.

ಇದರಿಂದ ಏನು ಹೋಗಬಹುದೆಂಬುದಕ್ಕೆ ಪಾರ್ತಿಸುಬ್ಬನ ವಿಚಾರವೇ ನಿದರ್ಶನ. ರಾಮಾಯಣ ಪ್ರಸಂಗಗಳ ಕರ್ತೃವೆಂದು ಪ್ರಸಿದ್ಧನಾದ ಈ ಕವಿಯ ಕುರಿತು ಮುಳಿಯ ತಿಮ್ಮಪ್ಪಯ್ಯನವರು ೧೯೪೫ರಲ್ಲಿ ಗ್ರಂಥವನ್ನೇ ಬರೆದರು. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು ಭಿನ್ನಾಭಿಪ್ರಾಯವನ್ನು ತಾಳಿದರು; ಅವರ 'ಯಕ್ಷಗಾನ ಬಯಲಾಟ' ೧೯೫೭ರಲ್ಲಿ ಪ್ರಕಟವಾಯಿತು. ಕುಕ್ಕಿಲ ಕೃಷ್ಣಭಟ್ಟರು ಸಂಪಾದಿಸಿದ 'ಪಾರ್ತಿಸುಬ್ಬನ ಯಕ್ಷಗಾನಗಳು' ೧೯೭೫ರಲ್ಲಿ ಹೊರಬಂದಿತು. ಇಂತಹ ಚರ್ಚೆಗೆ ಆಧಾರವಾಗತಕ್ಕವು ಯಾವುವು? ಪ್ರಸಂಗಾರಂಭದ ಸ್ತುತಿಪದ್ಯಗಳು, ಕಣಿಪುರದ ಅಂದರೆ ಕುಂಬಳೆಯ ಕೃಷ್ಣನನ್ನು ಸ್ಮರಿಸುವ ಅಂಕಿತಗಳು, ಕೊನೆಯ ಫಲಶ್ರುತಿ, ಪ್ರತಿಗಳ ಪಾಠಭೇದ. ಕಾಲಮಿತಿಯ ಆಟದಲ್ಲಿ ಮೊತ್ತಮೊದಲು ಬಿಟ್ಟುಹೋಗತಕ್ಕವೂ ಇವೇ. ಕಥೆ ಮುಂದೆ ಸಾಗುವುದಕ್ಕೆ ಅವು ಬೇಕಿಲ್ಲ; ಕವಿಯನ್ನು ಗುರುತಿಸುವುದಕ್ಕೆ ಅವೇ ಬೇಕು. ತಾಳೆಯೋಲೆಗೆ ಗೆದ್ದಲೂ ಮಳೆನಾಡಿನ ತೇವವೂ ಶತ್ರುಗಳಾಗಿದ್ದುವು. ಹೊಸ ಸಾಧನಕ್ಕೆ ಗೆದ್ದಲಿಲ್ಲ. ಆದರೆ ಅನುಕೂಲವೆಂಬುದೇ ಅದರ ಗೆದ್ದಲಾಗಬಹುದು.

ಇದೇ ಸಾಧನವು ಪರಿಹಾರವನ್ನೂ ಒದಗಿಸಬಲ್ಲದು. ಯಕ್ಷವಾಹಿನಿ ಸಂಸ್ಥೆಯವರು ಹಳೆಯ ಪ್ರಸಂಗಪ್ರತಿಗಳ ಬಿಂಬಗಳನ್ನು ಸಂಗ್ರಹಿಸುವ, ಪ್ರಸಂಗಗಳನ್ನು ಹೊಸದಾಗಿ ಟಂಕಿಸಿ ಉಚಿತವಾಗಿ ಒದಗಿಸುವ ಕಾರ್ಯವನ್ನು ನಡೆಸಿದ್ದಾರೆ. ಬಿಂಬವೂ ಟಂಕಿತ ಪಾಠವೂ ಒಂದೇ ಯಂತ್ರದಲ್ಲಿ ಜತೆಗಿದ್ದರೆ, ಸಂದೇಹ ಬಂದ ಪದವನ್ನು ಮೂಲದೊಡನೆ ಒಡನೆಯೇ ಹೋಲಿಸಬಹುದು. ಸ್ಥಳವನ್ನು ಉಳಿಸಲೋಸುಗ ಅಚ್ಚಿನವರು ಸಾಲುಗಳನ್ನು ಒತ್ತಾಗಿ ಕೂಡಿಸಿದಲ್ಲಿ, ಟ್ಯಾಬ್ಲೆಟ್ಟಿನ ಪ್ರತಿಯಲ್ಲಿ ಪಾದಪಾದವಾಗಿ, ಗಣಗಣವಾಗಿ ಬಿಡಿಸಿ ಬರೆಯಬಹುದು. ಹಾಗೆ ಬಿಡಿಸಿದಾಗ ಮಾತ್ರೆ ತಪ್ಪಿದ ಕಡೆ ತಾನಾಗಿ ಕಣ್ಣಿಗೆ ಬೀಳುವುದು. ಛಂದಸ್ಸನ್ನು ಕಲಿಸುವವರಿಗೂ ತಾಳವನ್ನು ಹಿಡಿಯುವವರಿಗೂ ಇದರಿಂದ ಸಮಾನ ಪ್ರಯೋಜನ.

೫

ಕೊನೆಯದಾಗಿ ಸ್ಮೃತಿಯ ವಿಚಾರ. ಬಲಿಪ ನಾರಾಯಣ ಭಾಗವತರು (೧೯೩೮–೨೦೨೩) ಪುಸ್ತಕದ ಹಂಗಿಲ್ಲದೆ ಹಾಡುವುದಕ್ಕೂ ತಾವೇ ಪ್ರಸಂಗಗಳನ್ನು ರಚಿಸುವುದಕ್ಕೂ ಹೆಸರಾದವರು. ಪದ್ಯವು ಬಾಯಿಪಾಠವಾಗಿರುವವನ ಕಣ್ಣು ವೇಷಧಾರಿಯ ಮೇಲಿರುತ್ತದೆ. ಪುಸ್ತಕವನ್ನೇ ನಂಬಿದವನ ಕಣ್ಣು ಹಾಳೆಯ ಮೇಲಿರುತ್ತದೆ. ಆಟವನ್ನು ನಡೆಸತಕ್ಕವನು ಭಾಗವತನೇ ಆದುದರಿಂದ ಈ ವ್ಯತ್ಯಾಸ ಅಲ್ಪವಲ್ಲ. ಆದರೆ ಇದು ಟ್ಯಾಬ್ಲೆಟ್ಟಿನಿಂದ ಹುಟ್ಟಿದ ದೋಷವಲ್ಲ. ಅಚ್ಚಿನ ಪುಸ್ತಕಕ್ಕೂ ಇದೇ ಮಾತು ಸಲ್ಲುವುದು. ಅಭ್ಯಾಸಕಾಲದಲ್ಲಿ ಯಂತ್ರವು ಸ್ಮೃತಿಗೆ ನೆರವಾಗುವುದೂ ಉಂಟು. ಸುಳ್ಯ ತಾಲೂಕಿನವರಾದ ಪದ್ಯಾಣ ಗಣಪತಿ ಭಟ್ಟರು (೧೯೫೫–೨೦೨೧) ಇಂದಿಲ್ಲ. ಅವರ ಗಾನದ ಧ್ವನಿಮುದ್ರಣಗಳಿವೆ. ಪದ್ಯದ ಬದಿಯಲ್ಲೇ ಅಂತಹ ಧ್ವನಿಯನ್ನು ಇಟ್ಟುಕೊಂಡು ಕೇಳುವ ವಿದ್ಯಾರ್ಥಿಗೆ, ರಾಗ ತಾಳಗಳ ಹೆಸರಿನಿಂದ ತಿಳಿಯದ ಎತ್ತುಗಡೆಯೂ ನಡೆಯೂ ಕಿವಿಯಿಂದ ತಿಳಿಯುವುವು. ಓಲೆಗೂ ಅಚ್ಚಿಗೂ ಇಲ್ಲದಿದ್ದ ಗುಣ ಇದೊಂದೇ. ಗುರುವು ತಪ್ಪನ್ನು ತಿದ್ದುವನು. ಯಂತ್ರವು ತಿದ್ದದು ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಮೇಲಿನ ವಿಚಾರಗಳಿಂದ ಫಲಿಸುವುದಿಷ್ಟು. ಟ್ಯಾಬ್ಲೆಟ್ಟು ಭಾಗವತನಿಗೆ ದೀಪವಾಗಿ, ಗ್ರಂಥಭಂಡಾರವಾಗಿ, ಶ್ರುತಿಯಾಗಿ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಅದರೊಳಗಿನ ಪಾಠವು ಶುದ್ಧವೂ ಸಂಪೂರ್ಣವೂ ಆಗಿರುವಂತೆ ನೋಡಿಕೊಳ್ಳುವ ಹೊಣೆ ಭಾಗವತನೊಬ್ಬನದಲ್ಲ. ರಂಗಪ್ರತಿಯು ಎಷ್ಟು ಸಂಕ್ಷಿಪ್ತವಾದರೂ ಆಗಲಿ, ಅದರ ಹಿಂದೆ ಒಂದು ಪೂರ್ಣಪ್ರತಿ ಇರಬೇಕು. ಬಿಟ್ಟ ಪದ್ಯಗಳ ಸಂಖ್ಯೆ ಅಲ್ಲಲ್ಲಿ ಸೂಚಿತವಾಗಿರಬೇಕು. ಯಾವ ಓಲೆಯಿಂದ, ಯಾವ ಮುದ್ರಣದಿಂದ ಪಾಠವನ್ನು ತೆಗೆದುದೆಂದು ಮೊದಲ ಪುಟದಲ್ಲಿ ನಮೂದಿಸಿರಬೇಕು. ಪುತ್ತೂರು, ಸುಳ್ಯ, ಕಡಬಗಳ ಕಾಲೇಜುಗಳಲ್ಲಿ ಕನ್ನಡವನ್ನು ಬೋಧಿಸುವವರು ತಮ್ಮ ಸಮೀಪದ ಭಾಗವತರೊಡನೆ ಕುಳಿತು ಒಂದೊಂದು ಪ್ರಸಂಗವನ್ನು ಈ ರೀತಿಯಲ್ಲಿ ಸಿದ್ಧಪಡಿಸಿದರೆ, ರಂಗಕ್ಕೂ ಸಾಹಿತ್ಯಕ್ಕೂ ಏಕಕಾಲದಲ್ಲಿ ಸೇವೆ ಸಲ್ಲುವುದು.