ನಿಮಗಿದು ಗೊತ್ತೇ? ಕಾಜಾ ಅಂದರೆ ಮನೆ!

ಗುಂಡಿ ತೂರಿಸುವ ತೂತಿಗೆ ನಮ್ಮ ಟೈಲರ್‌ಗಳು ಕಾಜಾ ಅನ್ನುತ್ತಾರಲ್ಲ, ಆ ಪದ ಪೋರ್ಚುಗೀಸರದು. ಅವರ ಭಾಷೆಯಲ್ಲಿ ಅದರ ಅರ್ಥ ಮನೆ. ಗುಂಡಿಯ ಮನೆ! ಇಸ್ತ್ರಿಯೂ ಅಲ್ಲಿಂದಲೇ ಬಂದದ್ದು; ಎಳೆದು ಚಾಚುವುದು ಎಂದು ಅದರ ಮೂಲಾರ್ಥ. ದರ್ಜಿ, ಅಸ್ತರು, ಬೆರಳಿಗೆ ತೊಡುವ ಅಂಗುಸ್ತಾನ, ಮೂರೂ ಪರ್ಷಿಯನ್. ಸೂಜಿ ಸಂಸ್ಕೃತದ ಕಡೆಯಿಂದ ಬಂತು. ನೂಲು ಮತ್ತು ಹೊಲಿಗೆ ಮಾತ್ರ ಅಚ್ಚಗನ್ನಡ.

*

ಆಯಸ್ಕಾಂತಕ್ಕೆ ಕನ್ನಡ ಇಟ್ಟ ಹೆಸರು ಸೂಜಿಗಲ್ಲು. ಮನೆಯಲ್ಲಿ ಹೊಲಿಯುವವರ ಡಬ್ಬಿಯಲ್ಲಿ ಅದೊಂದು ಇರಲೇಬೇಕು. ಇಲ್ಲದಿದ್ದರೆ ನೆಲಕ್ಕೆ ಬಿದ್ದ ಗುಂಡುಪಿನ್ನನ್ನು ಪತ್ತೆ ಹಚ್ಚುವ ಕೆಲಸ ಅಂಗಾಲಿನ ಪಾಲಿಗೆ.

*

ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಮೂಳೆಯ ಸೂಜಿಗೆ ಸುಮಾರು 50,000 ವರ್ಷ ಎಂದು ಅಂದಾಜು. ಉದ್ದ 7.6 ಸೆಂಟಿಮೀಟರ್. ಬುಡದಲ್ಲಿ ದಾರ ಪೋಣಿಸುವ ಕಣ್ಣೂ ಇದೆ. ಇಂದಿನ ಗೋಣಿಸೂಜಿಯ ಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ.

*

ಕೈಸೂಜಿಗೆ ಕಣ್ಣು ಬುಡದಲ್ಲಿ, ಮೆಷಿನ್ ಸೂಜಿಗೆ ಕಣ್ಣು ಮೂತಿಯ ಹತ್ತಿರ. ಹೊಲಿಗೆ ಯಂತ್ರದ ಕಥೆಯೆಲ್ಲ ಈ ಸ್ಥಾನಪಲ್ಲಟದಲ್ಲೇ ಅಡಗಿದೆ. ಇಂಥ ಸೂಜಿಗೆ ಲಾಳಿಯನ್ನೂ ಜೋಡಿಸಿ 1846ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಎಲಿಯಾಸ್ ಹೌ. ಅದಕ್ಕೂ ಮುಂಚೆ, 1830ರ ದಶಕದಲ್ಲೇ, ವಾಲ್ಟರ್ ಹಂಟ್ ಅಂಥದ್ದೇ ಯಂತ್ರ ಮಾಡಿದ್ದ. ಪೇಟೆಂಟ್ ಮಾಡಿಸಲಿಲ್ಲ. ಅದೇ ಹಂಟ್ 1849ರಲ್ಲಿ ಸೇಫ್ಟಿ ಪಿನ್ ಕಂಡುಹಿಡಿದು, ಹಕ್ಕನ್ನು ಬರೀ 400 ಡಾಲರಿಗೆ ಮಾರಿಬಿಟ್ಟ. ಸೀರೆ ಉಡುವವರೆಲ್ಲ ದಿನಕ್ಕೊಮ್ಮೆ ನೆನೆಯಬೇಕಾದ ಮಹಾನುಭಾವ. ವ್ಯವಹಾರ ಮಾತ್ರ ಗೊತ್ತಿರಲಿಲ್ಲ.

*

ಪ್ಯಾರಿಸ್‌ನಲ್ಲಿ ಬಾರ್ತಲೆಮಿ ತಿಮೊನಿಯೆ ಎಂಬ ದರ್ಜಿ 80 ಮೆಷಿನ್‌ಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಸುತ್ತಿದ್ದ. 1831ರಲ್ಲಿ ಊರಿನ ಟೈಲರ್‌ಗಳು ಸೇರಿ ನುಗ್ಗಿ ಅವನ್ನು ಪುಡಿಪುಡಿ ಮಾಡಿದರು. ಹೊಟ್ಟೆಪಾಡಿನ ಸಿಟ್ಟು. ತಿಮೊನಿಯೆ ಬಡವನಾಗಿಯೇ ಸತ್ತ.

*

ಯಂತ್ರಗಳ ವಿಷಯದಲ್ಲಿ ಬಿಗಿಯಾಗಿದ್ದ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದ ಎಂಬ ಕಥೆಯನ್ನು 1924ರಲ್ಲಿ ಅವರೇ ಹೇಳಿದ್ದಾರೆ. ನಿಜದ ಐಸಾಕ್ ಸಿಂಗರ್ ನಾಟಕದ ನಟ, ಒಬ್ಬಳಿಗೆ ಕಟ್ಟುಬಿದ್ದವನಲ್ಲ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆ. ಯಾವ ಹೆಂಡತಿಯ ಬಳಲಿಕೆ ಎಂದು ಕೇಳುವ ಹಾಗಿಲ್ಲ.

*

ಮೆಷಿನ್ ಹೊಲಿಗೆ ಬೀಳುವುದು ಹೇಗೆ? ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿ ನೋಡಿ. ಸೂಜಿ ಪೂರ್ತಿ ಕೆಳಗಿಳಿದು ಒಂದೆಳ್ಳಿನಷ್ಟು ಮೇಲೇಳುತ್ತದೆ. ಆಗ ದಾರ ಬಟ್ಟೆಯಡಿ ಸಿಕ್ಕಿಕೊಂಡು ಪುಟ್ಟ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕು ಬಂದು ಆ ಕುಣಿಕೆಯನ್ನು ಹಿಡಿದು, ಅಗಲಿಸಿ, ಇಡೀ ಬಾಬಿನ್ನಿನ ಸುತ್ತ ದಾಟಿಸಿಬಿಡುತ್ತದೆ. ಮೇಲಿನ ದಾರ ಕೆಳಗಿನ ದಾರವನ್ನು ಬಳಸಿ ಬಂತು. ಮೇಲಿನ ಲಿವರ್ ಜಗ್ಗುತ್ತದೆ, ಎರಡೂ ಎಳೆಗಳ ತೊಡಕು ಬಟ್ಟೆಯ ಎರಡು ಪದರದ ನಡುವೆ ಅವಿತುಕೊಳ್ಳುತ್ತದೆ. ಹೊಲಿಗೆಗೆ ಸೇರುವ ಮುಂಚೆ ದಾರದ ಒಂದೊಂದು ತುಣುಕೂ ಸೂಜಿಯ ಕಣ್ಣಿನಲ್ಲಿ ಹಲವು ಹತ್ತು ಸಲ ಹೋಗಿಬಂದು ಮಾಡುತ್ತದೆ. ಅಜ್ಜಿಯ ಕಾಲದ ರೀಲು ಪಟಪಟ ಹರಿಯುವುದು ಸುಮ್ಮನೆ ಅಲ್ಲ.

*

ಬಟ್ಟೆಯಡಿ ದಾರ ಗುಬ್ಬಿಗೂಡಿನಂತೆ ಗುಂಜುಕಟ್ಟಿದರೆ ಎಲ್ಲರೂ ಬಾಬಿನ್ನಿಗೇ ಬೈಯುತ್ತಾರೆ. ಬಹುತೇಕ ಸಲ ತಪ್ಪು ಮೇಲಿನ ದಾರದ್ದು: ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಬಟ್ಟೆ ಒತ್ತುವ ಪಾದವನ್ನು ಎತ್ತಿ ದಾರವನ್ನು ಮತ್ತೆ ಪೋಣಿಸಿ.

*

ಸೂಜಿ ಪ್ಯಾಕೆಟ್ಟಿನ ಮೇಲೆ 90/14 ಎಂದಿದ್ದರೆ ಸೂಜಿಯ ದಪ್ಪ 0.90 ಮಿಲಿಮೀಟರ್. ಬರೀ 14 ಎಂಬುದು ಅಮೆರಿಕದ ಲೆಕ್ಕ, ನಮ್ಮ ಅಂಗಡಿಗಳಲ್ಲಿ ನಡೆಯುವುದು ಅದೇ. ರೇಷ್ಮೆಗೆ 11, ಜೀನ್ಸಿಗೆ 16.

*

‘ಹಾಸುಹೊಕ್ಕು’ ಎಂದು ದಿನಕ್ಕೆ ನಾಲ್ಕು ಸಲ ಬರೆಯುತ್ತೇವೆ. ಅದು ಮಗ್ಗದ ಮಾತು. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಈಗ ಒಂದು ಕರವಸ್ತ್ರ ತೆಗೆದುಕೊಳ್ಳಿ. ಅಂಚಿಗೆ ನೇರವಾಗಿ ಎಳೆಯಿರಿ, ಜಗ್ಗುವುದಿಲ್ಲ. ಎದುರುಬದುರು ಮೂಲೆ ಹಿಡಿದು ಎಳೆಯಿರಿ, ರಬ್ಬರಿನಂತೆ ಹಿಗ್ಗುತ್ತದೆ. ನೂಲು ಹಿಗ್ಗಿದ್ದಲ್ಲ, ಚೌಕದ ಕಿಂಡಿಗಳು ವಾಲಿಕೊಂಡವು ಅಷ್ಟೇ. ದುಂಡು ಕುತ್ತಿಗೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪೀಸನ್ನೇ ಕೊಡುವ ಗುಟ್ಟು ಇದು: ನೇರ ಪಟ್ಟಿ ಕೊಟ್ಟರೆ ಕುತ್ತಿಗೆ ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಇದೇ ಗುಣವನ್ನು ನಂಬಿ 1920ರ ದಶಕದಲ್ಲಿ ಪ್ಯಾರಿಸ್‌ನ ಮೆಡಲೀನ್ ವಿಯೊನೆ ಇಡೀ ಗೌನನ್ನೇ ಕ್ರಾಸಿನಲ್ಲಿ ಕತ್ತರಿಸಿ ಹೆಸರಾದಳು. ಮೊದಲ ಪ್ರಯೋಗವೆಲ್ಲ ಒಂದು ಪುಟ್ಟ ಮರದ ಗೊಂಬೆಯ ಮೇಲೆ.

ಹೊಲಿಗೆ ಕಲಿಯಬೇಕೆನ್ನುವವರಿಗೆ ನಾನು ಮೊದಲು ಕೊಡುವುದು ಕತ್ತರಿಯಲ್ಲ, ಆ ಕರವಸ್ತ್ರ.

*

ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆಯಬೇಕು. ಮಗ್ಗದಲ್ಲಿ, ಆಮೇಲೆ ಕಾರ್ಖಾನೆಯಲ್ಲಿ ಬಿಗಿದೆಳೆದಿದ್ದ ನೂಲು ನೀರು ಬಿದ್ದೊಡನೆ ಉಸಿರು ಬಿಟ್ಟು ತನ್ನ ಅಳತೆಗೆ ಮರಳುತ್ತದೆ. ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಹೋಗುವುದು ಮಾಮೂಲು. ದೀಪಾವಳಿಗೆ ಹೊಲಿದದ್ದು ಸಂಕ್ರಾಂತಿಗೆ ಬಿಗಿಯಾದರೆ ಹೋಳಿಗೆಯನ್ನೊಂದೇ ದೂರಬೇಡಿ.

*

ಅಂಗಿಯ ತೋಳನ್ನು ಬಿಚ್ಚಿ ನೆಲಕ್ಕೆ ಹಾಸಿ. ಮುಂದಿನ ಬದಿ ಹಿಂದಿನದಕ್ಕಿಂತ ಹೆಚ್ಚು ಒಳಕ್ಕೆ ಕೊರೆದಿರುತ್ತದೆ. ನಮ್ಮ ಕೈ ಮುಂದಕ್ಕೇ ಚಾಚುವುದು ಹೆಚ್ಚು. ಬೆನ್ನ ಕಡೆ ಬಟ್ಟೆ ಬೇಕು, ಎದೆಯ ಕಡೆ ಬೇಡ. ಇದನ್ನು ಓದಿ ತಿಳಿದುಕೊಂಡೇ ನಾನು ಮೊದಲ ಕುರ್ತಾಕ್ಕೆ ಕೂತಿದ್ದೆ. ಹೂವಿನ ಛಾಪಿನ ಬಟ್ಟೆ, ಒಂದೇ ಕಡೆ ಬಣ್ಣ. ಪೇಪರ್ ಕಟಿಂಗ್ ಇಟ್ಟು ಒಂದು ತೋಳು ಕತ್ತರಿಸಿದೆ, ಹಾಗೇ ಇಟ್ಟು ಇನ್ನೊಂದು. ಹೊಲಿದು ತೊಟ್ಟು ಅಡುಗೆಮನೆಗೆ ಹೋದರೆ ಎಡಗೈಯಲ್ಲಿ ಡಬ್ಬಿ ಇಳಿಸಲು ಆಗುತ್ತಿಲ್ಲ. ಅತ್ತೆ ಒಂದು ಸುತ್ತು ಬಂದು ನೋಡಿ, “ಎರಡೂ ಬಲಗೈಗೇ ಹೊಲಿದಿದ್ದೀಯಲ್ಲೇ!” ಅಂದರು. ಬಟ್ಟೆಯನ್ನು ಮುಖಕ್ಕೆ ಮುಖ ಮಡಿಸಿ ಎರಡನ್ನೂ ಒಟ್ಟಿಗೇ ಕತ್ತರಿಸಿದ್ದರೆ ಕನ್ನಡಿಯಂತೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತಿತ್ತು.

*

ಆ ‘ಪೇಪರ್ ಕಟಿಂಗ್’ ವ್ಯಾಪಾರವಾದದ್ದು ಅಮೆರಿಕದಲ್ಲಿ. 1863ರಲ್ಲಿ ಎಬನೇಜರ್ ಬಟರಿಕ್ ಎಂಬ ದರ್ಜಿ ಒಂದೇ ವಿನ್ಯಾಸವನ್ನು ಬೇರೆ ಬೇರೆ ಅಳತೆಯಲ್ಲಿ ಕಾಗದದಲ್ಲಿ ಕತ್ತರಿಸಿ ಮಾರಲು ಶುರುಮಾಡಿದ. ನಮ್ಮಲ್ಲಿ ಆ ಕೆಲಸವನ್ನು ನಿನ್ನೆಯ ಪೇಪರು ಪುಕ್ಕಟೆ ಮಾಡುತ್ತದೆ.

*

ಜಪಾನಿನ ಕಿಮೋನೊ ಬಟ್ಟೆ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದ. ಕತ್ತರಿ ನೇರ ಮಾತ್ರ ಓಡುತ್ತದೆ. ಹಾಳಾಗುವ ತುಂಡು ಇಲ್ಲವೇ ಇಲ್ಲ. ಹಿಂದೆ ಒಗೆಯುವಾಗ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ನಮ್ಮ ಹಳೆಯ ಜುಬ್ಬದ ಜಾಣತನವೂ ಇದೇ ಜಾತಿಯದು. ಕಂಕುಳಲ್ಲಿ ಓರೆಯಾಗಿ ಕೂರಿಸಿದ ಒಂದು ಚೌಕ ತುಂಡಿನಿಂದಲೇ ಕೈ ಆಕಾಶಕ್ಕೆ ಎತ್ತಬಹುದು.

*

ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಸೂಜಿ ಏರಿಳಿಯಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತಾರೆ. ಮುಗಿದ ಮೇಲೆ ಒಳಗು ಹೊರಗು ಒಂದೇ. ಮುರಗಿ, ನೇಯ್ಗೆ, ಮೆಂತೆ ಕಸೂತಿಯ ಉಳಿದ ಮೂರು ಹೊಲಿಗೆ. ನೀವೇ ಹೊಲಿದ ಕುರ್ತಾದ ಕತ್ತಿಗೆ ಒಂದು ಸಾಲು ಗೋಪುರದ ಚಿತ್ತಾರ ಹಾಕಿ ನೋಡಿ. ಒಂದೆಳೆ ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ.

*

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್. 1941ರ ಜೂನ್ 1ರಿಂದ, ಯುದ್ಧ ಮುಗಿದ ಮೇಲೂ, 1949ರವರೆಗೆ. ಮೊದಲ ವರ್ಷ ತಲೆಗೆ 66 ಕೂಪನ್. ಒಂದು ಉಣ್ಣೆಯ ಉಡುಪಿಗೇ 11. ಜನ ಪರದೆ ಬಿಚ್ಚಿ, ಗಂಡನ ಹಳೆಯ ಕೋಟು ಬಿಚ್ಚಿ ಹೊಲಿದುಕೊಂಡರು.

*

ಅಂಗಡಿಯ ಶರ್ಟನ್ನು ಯಂತ್ರವೇ ಹೊಲಿಯಿತು ಅಂದುಕೊಂಡಿದ್ದೀರಾ? ಬಟ್ಟೆ ಮೆತ್ತಗೆ, ಜಾರುತ್ತದೆ, ಮಡಚಿಕೊಳ್ಳುತ್ತದೆ. ರೋಬಾಟ್‌ಗೆ ಅದನ್ನು ಪಳಗಿಸುವುದು ಇನ್ನೂ ಕಷ್ಟ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸುಗಳಲ್ಲಿ ಇವತ್ತಿಗೂ ಕಾಲರನ್ನು ಸೂಜಿಯ ಕೆಳಗೆ ತಿರುಗಿಸುವುದು ಹೆಣ್ಣುಮಕ್ಕಳ ಬೆರಳೇ. ಒಂದು ಕಾಲರ್ ನೀವೇ ಕೂರಿಸಲು ನೋಡಿ, ಶರ್ಟಿನ ಬೆಲೆ ಯಾಕೆ ಇಷ್ಟು ಕಡಿಮೆ ಎಂದು ಕೇಳತೊಡಗುತ್ತೀರಿ.

*

ಉಳಿದ ಚಿಂದಿ? ಉತ್ತರ ಕರ್ನಾಟಕದಲ್ಲಿ ಅದು ಕೌದಿ ಎಂಬ ಹೊದಿಕೆಯಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಣುಕುಗಳನ್ನು ಅಂಚಿನಿಂದ ನಡುವಿನತ್ತ ಸುತ್ತ ಹೊಲಿಯುತ್ತ ಸಾಗುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಸಿದ ಮುಮ್ಮೂಲೆ ತುಂಡುಗಳ ‘ಫುಲ’ ಹಚ್ಚಬೇಕು, ಅದಿಲ್ಲದೆ ಕೌದಿ ಮುಗಿಯಿತು ಅನ್ನುವುದಿಲ್ಲ. ನಮ್ಮ ಮನೆಯ ಕೌದಿಗೆ ಫುಲ ಇಲ್ಲ. ಕಾಲ ಕಡೆ ಮಾತ್ರ ಹೂವಿನ ಛಾಪಿನ ಒಂದು ತೋಳಿದೆ, ಬಲಗೈಯದು.