ಕಚ್ಚಿದ ಬಿಲ್ಲೆ: ಟಂಕಸಾಲೆಯ ತಪ್ಪೋ, ಅರದ ಕೆಲಸವೋ?

ನಮ್ಮ ಬೀದಿಯಲ್ಲಿ ಒಬ್ಬರಿಗೆ ಅಂಚು ಅರ್ಧಚಂದ್ರದ ಹಾಗೆ ಕಚ್ಚಿಹೋದ ಐದು ರೂಪಾಯಿ ಬಿಲ್ಲೆ ಸಿಕ್ಕಿತು. ‘ಇಂಥದ್ಕೆ ಲಕ್ಷ ಕೊಡ್ತಾರಂತೆ’ ಎಂದು ಯಾರೋ ಹೇಳಿದರು. ಫೋನಿನಲ್ಲಿ ಮಾತಾಡಿದವನು ‘ಮೊದಲು ನೋಂದಣಿಗೆ ೮೦೦ ರೂಪಾಯಿ ಕಳಿಸಿ’ ಅಂದ. ಕಳಿಸಿದರು. ಆಮೇಲೆ ಅವನು ಫೋನು ಎತ್ತಲೇ ಇಲ್ಲ. ಆ ಬಿಲ್ಲೆಯನ್ನು ನಾನೂ ಕೈಲಿ ಹಿಡಿದು ನೋಡಿದೆ. ಅದು ಟಂಕಸಾಲೆಯ ತಪ್ಪೇ ಅಲ್ಲ, ಯಾರೋ ಅರದಲ್ಲಿ ಉಜ್ಜಿದ್ದು. ಹೇಗೆ ಗೊತ್ತಾಯಿತು ಅಂತೀರಾ? ಕೇಳಿ.

ನಮ್ಮ ದೇಶದ ಸರ್ಕಾರಿ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯಿಡಾ. ನಾಣ್ಯ ಮಾಡಲು ಮೊದಲು ಉದ್ದನೆ ತಗಡಿನಿಂದ ದುಂಡನೆ ಖಾಲಿ ಬಿಲ್ಲೆ ಕತ್ತರಿಸುತ್ತಾರೆ, ಅವ್ವ ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿ ಮುಚ್ಚಳ ಒತ್ತಿ ಪೂರಿ ಮಾಡುವ ಹಾಗೆ. ತಗಡು ಸರಿಯಾಗಿ ಮುಂದಕ್ಕೆ ಸರಿಯದಿದ್ದರೆ ಮುಂದಿನ ಏಟು ಹಳೇ ತೂತಿನ ಮೇಲೆ ಬೀಳುತ್ತದೆ, ಬಿಲ್ಲೆ ಕಚ್ಚಿದಂತೆ ಬರುತ್ತದೆ. ಆಮೇಲೆ ಬಿಲ್ಲೆಯನ್ನು ಸುತ್ತಲೂ ಅದುಮಿ ಅಂಚು ಎಬ್ಬಿಸುತ್ತಾರೆ. ಕಚ್ಚಿದ ಕಡೆ ಅದುಮಲು ಲೋಹವೇ ಇಲ್ಲವಲ್ಲ, ಆದ್ದರಿಂದ ಅದರ ನೇರ ಎದುರಿಗೂ ಒತ್ತಡ ಸಾಲದೆ ಅಲ್ಲಿಯ ಅಂಚು ಹೆಚ್ಚಾಗಿ ಮಸುಕಾಗಿಯೇ ಇರುತ್ತದೆ. ನಾನು ನೋಡಿದ ಬಿಲ್ಲೆಯಲ್ಲಿ ಎದುರಿನ ಅಂಚು ಗಟ್ಟಿಯಾಗಿ ನಿಂತಿತ್ತು. ಕಚ್ಚಿದ ಜಾಗದಲ್ಲಿ ಅರದ ಗೀರುಗಳು ಫಳಫಳ ಹೊಳೆಯುತ್ತಿದ್ದವು!

ಇನ್ನೊಂದು ಗುರುತು ಉಗುರಿಗೇ ಸಿಗುತ್ತದೆ. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಸಂದಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಜೇಬಿನಲ್ಲಿ, ಕಲ್ಲಿನ ಮೇಲೆ ಬಿದ್ದ ಗೀರಾದರೆ ತಗ್ಗು. ಆದರೆ ತಗ್ಗೆಲ್ಲ ಸುಳ್ಳು ಅನ್ನಬೇಡಿ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅದರ ಮುಖ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬೀಳುತ್ತದೆ. ಎರಡು ನಾಣ್ಯ ಜೋಡಿಸಿ ಸುತ್ತಿಗೆಯಲ್ಲಿ ಹೊಡೆದೂ ಹೀಗೆ ಮಾಡುವವರಿದ್ದಾರೆ. ಆಗ ಮೊದಲಿನ ಚಿತ್ರ ಅಡಿಯಲ್ಲಿ ಜಜ್ಜಿಹೋಗಿ ಉಳಿದಿರುತ್ತದೆ.

ಕೈಯಾರೆ ಮಾಡಲಾಗದ ತಪ್ಪೂ ಒಂದಿದೆ. ನಾಣ್ಯವನ್ನು ಮೇಲೆ ಕೆಳಗೆ ಹಿಡಿದು, ಪುಸ್ತಕದ ಹಾಳೆ ಮಗುಚುವಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯದಲ್ಲಿ ಎರಡು ಮುಖವೂ ನೆಟ್ಟಗೆ ಕಾಣಬೇಕು. ಒಂದು ವಾರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿ ಕೂತಿತ್ತು ಎಂದರ್ಥ. ಚಿಲ್ಲರೆಯಲ್ಲಿ ಹುಡುಕಲು ಇದೇ ಸುಲಭ.

ನಮ್ಮ ಕೊಳ್ಳೇಗಾಲಕ್ಕೆ ರೈಲು ಬಂದಿಲ್ಲ. ಆದರೂ ಚಾಮರಾಜನಗರದ ಕಡೆಯಿಂದ ಹಳಿ ಮೇಲಿಟ್ಟು ಚಪ್ಪಟೆ ಮಾಡಿದ ಬಿಲ್ಲೆ ಇಲ್ಲಿಗೂ ಬರುತ್ತದೆ. ಅದರಲ್ಲಿ ಅಕ್ಷರವೂ ಎಳೆದುಕೊಂಡು ಹೋಗಿರುತ್ತದೆ. ಟಂಕಸಾಲೆಯಲ್ಲಿ ಸುತ್ತಲಿನ ಬಳೆ ಇಲ್ಲದೆ ಹೊಡೆದ ನಾಣ್ಯವೂ ಅಗಲವೇ, ಆದರೆ ನಡುವಿನ ಚಿತ್ರ ಸ್ಪಷ್ಟವಾಗಿರುತ್ತದೆ. ಹೊಳೆಗೆ ಎಸೆದು ಕಪ್ಪಾದದ್ದು ತಪ್ಪು ನಾಣ್ಯವಲ್ಲ, ನೆನೆದ ನಾಣ್ಯ ಅಷ್ಟೆ.

ಇಸವಿಯ ಕೆಳಗೆ ಗುರುತು ಇಲ್ಲವೆಂದು ಕುಣಿಯಬೇಡಿ. ಹೈದರಾಬಾದಿನದಕ್ಕೆ ನಕ್ಷತ್ರ, ನೋಯಿಡಾದ್ದಕ್ಕೆ ಚುಕ್ಕಿ, ಮುಂಬೈನದಕ್ಕೆ ವಜ್ರದಾಕಾರ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಹತ್ತು ರೂಪಾಯಿ ಬಿಲ್ಲೆಯಲ್ಲಿ ರೂಪಾಯಿ ಚಿಹ್ನೆ ಇಲ್ಲದ್ದೂ ಸರಿಯಾದದ್ದೇ. ೧೪ ಬಗೆಯ ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ ೨೦೧೮ರಲ್ಲೇ ಹೇಳಿದೆ. ಅಂಗಡಿಯವರು ‘ಇದು ನಡೆಯಲ್ಲ’ ಅಂದರೆ ಇದನ್ನು ತಿಳಿಸಿ. ಅದೇ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ, ಹಳೇ ನೋಟು ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದೂ ಎಚ್ಚರಿಸಿತ್ತು. ಇದನ್ನು ಮನೆಯಲ್ಲಿ ದೊಡ್ಡವರಿಗೂ ಓದಿ ಹೇಳಿ.

ನಿಮ್ಮ ಹತ್ತಿರ ವಾರೆ ಅಚ್ಚಿನ ಬಿಲ್ಲೆ ಇದ್ದರೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ತನ್ನಿ, ಭೂತಗನ್ನಡಿಯಲ್ಲಿ ನೋಡೋಣ. ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ, ತಿಕ್ಕಿದ್ದಕ್ಕೆ ಸಂಗ್ರಹಕಾರರಲ್ಲಿ ಬೆಲೆ ಕಡಿಮೆ.